ನಿಂತು ತಿಂದದ್ದು

ನಿಂತು ತಿಂದದ್ದು ಊಟವಲ್ಲ ಎಂಬುದು ಭಾನುಮತಿಗೆ ಎಷ್ಟು ಖಾತ್ರಿಯಾಗಿತ್ತೆಂದರೆ, ಏಕಾದಶಿಯ ಬೆಳಿಗ್ಗೆ ಒಲೆಯ ಮುಂದೆ ನಿಂತು ಬಾಣಲೆಯಿಂದಲೇ ಸಾಬೂದಾನಿ ಖಿಚಡಿಯನ್ನು ಚಮಚದಲ್ಲೆತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ತಾನು ಏನನ್ನಾದರೂ ತಿನ್ನುತ್ತಿದ್ದೇನೆಂದು ಅವಳಿಗೆ ಅನ್ನಿಸಲೇ ಇಲ್ಲ. ಉಪ್ಪು ನೋಡುತ್ತಿದ್ದಳು. ಉಪ್ಪು ನೋಡಿದ ಮೇಲೆ ಕಡಲೆಬೀಜ ಹದವಾಗಿ ಹುರಿದಿದೆಯೇ ನೋಡಬೇಕಾಯಿತು, ಆಮೇಲೆ ಆಲೂಗಡ್ಡೆ ಬೆಂದಿದೆಯೇ, ಆಮೇಲೆ ಇವೆಲ್ಲ ಒಂದೇ ತುತ್ತಿನಲ್ಲಿ ಕೂಡಿದರೆ ಹೇಗಿರುತ್ತದೆ. ಆರನೆಯ ಚಮಚ ಬಾಯಲ್ಲಿದ್ದಾಗ ಫೋನು ಹೊಡೆದುಕೊಂಡಿತು. ಹೆಸರು ನೋಡಿದ್ದೇ ಗಬಕ್ಕನೆ ನುಂಗಿದಳು. ಅಹಮದಾಬಾದಿನ ಹೇತ್ವಿ, ಫೋನಿನಲ್ಲೇ ಊಟದ ಸಲಹೆ ಕೊಡುವ ಹುಡುಗಿ.

"ಜೈ ಶ್ರೀಕೃಷ್ಣ ಆಂಟಿ. ಇವತ್ತು ಉಪವಾಸ ಅಲ್ವಾ? ಸುಸ್ತಾಗಿದ್ರೆ ಆಮೇಲೆ ಮಾಡ್ತೀನಿ."

"ಸುಸ್ತೆಲ್ಲಿಂದ ಬಂತಮ್ಮ, ಅಭ್ಯಾಸ ಆಗ್ಹೋಗಿದೆ," ಎಂದಳು ಭಾನುಮತಿ. ಹಾಗೆನ್ನುವಾಗ ನಾಲಿಗೆಯ ತುದಿಯಿಂದ ಹಲ್ಲಿನ ಸಂದಿಯ ಕಡಲೆಬೀಜವನ್ನು ತಳ್ಳುತ್ತಿದ್ದಳು. ಹುಡುಗಿ ಎರಡು ಮಾತು ಹೇಳಿದಳು. ಒಂದು, ಸಂಜೆ ಐದಕ್ಕೆ ಸೊಸೈಟಿಯ ಹಾಲಿನಲ್ಲಿ ಸಭೆ. ತಾನು ಗೋಡೆಯ ಮೇಲಿನ ಪರದೆಯಲ್ಲಿ ಬರುತ್ತೇನೆ, ಒಬ್ಬ ನರ್ಸು ತಕ್ಕಡಿ ತರುತ್ತಾಳೆ, ನಾಲ್ಕು ತಿಂಗಳಾದ ಮೇಲೆ ಎಲ್ಲರ ತೂಕ ನೋಡುವುದು, ಮೊದಲು ಹತ್ತಬೇಕಾದವರು ಆಂಟಿಯೇ, ಎಪ್ಪತ್ತನಾಲ್ಕರಿಂದ ಅರವತ್ತೆಂಟಕ್ಕೆ ಇಳಿದ ಮಾದರಿ ಹೆಂಗಸು. ಎರಡನೆಯದನ್ನು ದನಿ ತಗ್ಗಿಸಿ ಹೇಳಿದಳು. "ನಿಮ್ಮ ಎದುರು ಮನೆ ತ್ರಂಬಕ ಅಂಕಲ್‌ಗೆ ಸ್ವಲ್ಪ ಹೇಳ್ತೀರಾ? ಅರವತ್ತೊಂದು ಇದ್ದವರು ಐವತ್ತನಾಲ್ಕಕ್ಕೆ ಬಂದಿದ್ದಾರೆ. ಜಾಸ್ತಿ ತಿನ್ನಿ ಅಂತ ದಿನಾ ಬರೀತೀನಿ, ಕೈಮುಗಿಯೋ ಚಿತ್ರ ಕಳಿಸ್ತಾರೆ, ಮಾಡೋದು ಮಾತ್ರ ತಮ್ಮಿಷ್ಟ. ನೀವು ಹೇಳಿದ್ರೆ ಕೇಳ್ತಾರೆ."

ಎರಡನೆಯ ಮಾತು ಭಾನುಮತಿಯ ಕಿವಿಯ ತನಕ ಮಾತ್ರ ಹೋಯಿತು. ಮೊದಲನೆಯದು ಸೀದಾ ಹೊಟ್ಟೆಗಿಳಿಯಿತು. ತಕ್ಕಡಿ! ಅವಳ ಮನೆಯಲ್ಲೂ ತಕ್ಕಡಿ ಇತ್ತು, ಬಚ್ಚಲಿನ ಬಾಗಿಲ ಬಳಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ಪ್ರತಿ ಭಾನುವಾರ ಅದರ ಮೇಲೆ ನಿಂತು ಅಂಕಿಯನ್ನು ಫೋನಿಗೆ ತುಂಬಬೇಕು. ಎರಡನೆಯ ಭಾನುವಾರವೇ ಅವಳಿಗೆ ಒಂದು ಸಂಗತಿ ತಿಳಿದುಹೋಗಿತ್ತು: ಯಂತ್ರದ ಮೇಲೆ ಅಂಗೈ ಊರಿದರೆ ಅಂಕಿ ಇಳಿಯುತ್ತದೆ. ಊರಿದಳೆಂದಲ್ಲ; ಮಂಡಿ ನೋವಿನ ಹೆಂಗಸು ಬೀಳಬಾರದಲ್ಲ, ಆಧಾರಕ್ಕೆ ಹಿಡಿದಳು. ವಾರ ವಾರಕ್ಕೆ ಆಧಾರದ ಅಗತ್ಯ ಹೆಚ್ಚುತ್ತ ಬಂತು, ತೂಕ ಇಳಿಯುತ್ತ ಬಂತು, ಹೇತ್ವಿ ಹಳದಿ ನಕ್ಷತ್ರಗಳನ್ನು ಕಳಿಸುತ್ತ ಬಂದಳು. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸಿದವಳಿಗೆ ಈಗ ಅರವತ್ತೆರಡನೆಯ ವಯಸ್ಸಿನಲ್ಲಿ ನಕ್ಷತ್ರ ಸಿಕ್ಕರೆ ಎದೆ ಉಬ್ಬುತ್ತಿತ್ತು, ಇದನ್ನು ಯಾರಿಗೆ ಹೇಳಿಕೊಳ್ಳುವುದು.

"ಏನ್ ಮಾಸ್ತರಾಣಿ, ಏಕಾದಶಿ ಅಂತ ಉಸಿರಾಡೋದೂ ಬಿಟ್ಯಾ?" ಗಂಡ ಹರ್ಷದರಾಯ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪತ್ರಿಕೆಯ ಕಾಗದದಲ್ಲಿ ಸುತ್ತಿದ, ಕಡಲೆಹಿಟ್ಟಿನಲ್ಲಿ ಕರಿದ ಬಿಸಿ ಗಾಂಠಿಯಾ, ಎಣ್ಣೆ ಆಗಲೇ ಕಾಗದದ ಸುದ್ದಿಗಳನ್ನೆಲ್ಲ ನೆನೆಸಿತ್ತು. ಬಂದರು ಕಚೇರಿಯಿಂದ ನಿವೃತ್ತನಾದ ದಿನದಿಂದ ಅವನು ಭಾವನಗರದ ಈ ಗಲ್ಲಿಯಿಂದ ಆ ಗಲ್ಲಿಗೆ ಗಾಂಠಿಯಾ ಹುಡುಕಿಕೊಂಡು ನಡೆಯುವುದನ್ನೇ ವ್ಯಾಯಾಮ ಮಾಡಿಕೊಂಡಿದ್ದ. ಫೋನಿನ ಸಲಹೆಗೆ ಇಪ್ಪತ್ತಾರು ಮನೆಯವರು ಹೆಸರು ಕೊಟ್ಟರೂ ಅವನು ಕೊಟ್ಟಿರಲಿಲ್ಲ. "ನನ್ನ ಹೊಟ್ಟೆ ಏನು ಕೇಳುತ್ತೆ ಅಂತ ನನಗೇ ಗೊತ್ತು, ಅಹಮದಾಬಾದಿಂದ ಒಂದು ಹುಡುಗಿ ಹೇಳಬೇಕಾ?" ಎಂದಿದ್ದ. ಈಗ ಅವನು ಬಾಣಲೆ ನೋಡಿದ, ಅದರ ಅಂಚಿನಲ್ಲಿ ಚಮಚ ಕೆರೆದ ಜಾಗ ನೋಡಿದ. "ಹೇಳೋದು ಶಾಸ್ತ್ರ..." ಎಂದು ಶುರುಮಾಡಿ ಮುಗಿಸದೆ ಹೋದ. ಅವನಿಗೆ ಗಾದೆಯನ್ನು ಅರ್ಧಕ್ಕೆ ಬಿಡುವ ಕೆಟ್ಟ ಚಾಳಿ, ಉಳಿದರ್ಧ ಇಡೀ ದಿನ ಅವಳ ಕಿವಿಯಲ್ಲಿ ತಾನಾಗಿ ಮುಗಿಯುತ್ತಿತ್ತು.

ಆದರೆ ಸುಳ್ಳೆಲ್ಲಿ ಹೇಳಿದ್ದೇನೆ, ಎಂದು ಅವಳು ತನ್ನೊಳಗೇ ವಾದ ಹೂಡಿದಳು. ತಟ್ಟೆಯ ಚಿತ್ರ ಕಳಿಸಿ ಎಂದರು, ಕಳಿಸಿದೆ. ದಿನಾ ಹನ್ನೆರಡಕ್ಕೆ ಸರಿಯಾಗಿ ಸೊಸೈಟಿಯ ಗುಂಪಿಗೆ: ಎರಡು ರೋಟಲಿ, ಒಂದು ಬಟ್ಟಲು ಹೆಸರುಕಾಳು, ಸೌತೆಕಾಯಿ, ಮಜ್ಜಿಗೆ. ಆ ತಟ್ಟೆ ನಿಜ, ಅದನ್ನು ಅವಳು ತಿಂದದ್ದೂ ನಿಜ. ಆಮೇಲೆ ಮೂರನೆಯ ರೋಟಲಿಯನ್ನು ಬೆಲ್ಲ ತುಪ್ಪ ಸವರಿ ಸುತ್ತಿ, ಪಾತ್ರೆ ತೆಗೆದಿಡುತ್ತ ತಿಂದರೆ ಅದು ತಟ್ಟೆಯಲ್ಲಿ ಎಲ್ಲಿತ್ತು? ಕೃಷ್ಣನ ಗುಡಿ ಹವೇಲಿಯಿಂದ ಬಂದ ಸಿಹಿ ಮೋಹನಥಾಳ ಪ್ರಸಾದ. ಪ್ರಸಾದವನ್ನು ಊಟದ ಪಟ್ಟಿಗೆ ಸೇರಿಸಿದರೆ ದೇವರು ಏನೆಂದುಕೊಂಡಾನು. ಪಕ್ಕದ ಮನೆಯ ಮುಕ್ತಾಬೆನ್ ಹತ್ತಿರ ಹೋದಾಗ ತಿಂದದ್ದು ತಿನಿಸಲ್ಲ, ಮರ್ಯಾದೆ. "ನನ್ನಾಣೆ, ಇದೊಂದು" ಎಂದು ಬಾಯಿಗೇ ಇಟ್ಟರೆ ಆ ಆಣೆಗೆ ಫೋನಿನಲ್ಲಿ ಕಾಲಂ ಎಲ್ಲಿದೆ? ಇನ್ನು ಏಕಾದಶಿ. ಫೋನಿನ ಪಟ್ಟಿಯ ಕೊನೆಯಲ್ಲಿ 'ಉಪವಾಸ' ಎಂಬ ಚೌಕ ಇತ್ತು. ಅದಕ್ಕೆ ಗುರುತು ಹಾಕಿದರೆ ಆ ದಿನದ ಪಟ್ಟಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು, ಬೇರೆ ಏನೂ ತುಂಬಲು ಬಿಡುತ್ತಲೇ ಇರಲಿಲ್ಲ. ಸಾಬೂದಾನಿ, ಕರಿದ ಆಲೂಗಡ್ಡೆ, ಗೆಣಸು, ರಾಜಗಿರಿ ಪೂರಿ, ಶ್ರೀಖಂಡ ಇವೆಲ್ಲ ಉಪವಾಸವೇ ಎಂಬುದು ಊರಿನ ಕೂಸಿಗೂ ಗೊತ್ತು, ಆ ಚೌಕ ಮಾಡಿದವನಿಗೆ ಗೊತ್ತಿಲ್ಲದಿದ್ದರೆ ಅದು ಇವಳ ತಪ್ಪೆ? ಏಕಾದಶಿಗೆ ಸೋಮವಾರ ಸೇರಿತು, ಸೋಮವಾರಕ್ಕೆ ಹುಣ್ಣಿಮೆ ಸೇರಿತು. ನಾಲ್ಕು ತಿಂಗಳಲ್ಲಿ ಅವಳಷ್ಟು ಭಕ್ತೆ ಇಡೀ ಸೌರಾಷ್ಟ್ರದಲ್ಲಿ ಯಾರೂ ಇದ್ದಿರಲಾರರು.

ಹೀಗೆ ಫೋನಿನೊಳಗೆ ಒಬ್ಬ ಭಾನುಮತಿ ಬೆಳೆದಿದ್ದಳು. ತೆಳ್ಳಗೆ, ಮಿತವಾಗಿ, ಆಸೆಯಿಲ್ಲದೆ. ಹೇತ್ವಿ ಸಲಹೆ ಕೊಡುತ್ತಿದ್ದುದು ಅವಳಿಗೆ: "ಉಪವಾಸದ ಮಾರನೆ ದಿನ ಎರಡು ಖರ್ಜೂರ ತಿನ್ನಿ ಆಂಟಿ, ನಿಶ್ಶಕ್ತಿ ಆಗಬಾರದು." ಹೊರಗಿನ ಭಾನುಮತಿ ಆ ಖರ್ಜೂರವನ್ನೂ ತಿನ್ನುತ್ತಿದ್ದಳು, ಸಲಹೆ ಮೀರಬಾರದಲ್ಲ. ಕೆಲವು ಸಲ ಅವಳಿಗೆ ಆ ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚೇ ಆಗುತ್ತಿತ್ತು. ಅವಳಿಗೆ ಮಂಡಿ ನೋವಿರುವುದಿಲ್ಲ. ಮದುವೆಮನೆಯಲ್ಲಿ ಅವಳು ಎರಡನೆಯ ಜಿಲೇಬಿಗೆ ಕೈ ಅಡ್ಡ ಹಿಡಿಯುತ್ತಾಳೆ, ಹಿಡಿದು ನಗುತ್ತಾಳೆ. ಇವತ್ತು ಐದು ಗಂಟೆಗೆ ಅವಳು ತಕ್ಕಡಿ ಹತ್ತಬೇಕು, ಹತ್ತುವವಳು ಮಾತ್ರ ಇವಳು.

ಹನ್ನೆರಡಕ್ಕೆ ಸರಿಯಾಗಿ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಇಟ್ಟು ಚಿತ್ರ ತೆಗೆದು ಕಳಿಸಿದಳು. ಮೊದಲ ವಾರ ಗುಂಪಿನವರೆಲ್ಲ ತಮ್ಮ ತಮ್ಮ ತಟ್ಟೆ ಕಳಿಸುತ್ತಿದ್ದರು, ಆಮೇಲೆ ಬೇಸತ್ತು ಬಿಟ್ಟರು. ಈಗ ಅಲ್ಲಿಗೆ ಬರುವುದು ಇವಳ ತಟ್ಟೆಯೊಂದೇ. ಅದಕ್ಕೆ ಉತ್ತರವೂ ಒಂದೇ: ಹನ್ನೆರಡೂ ಐದಕ್ಕೆ ತ್ರಂಬಕಭಾಯಿಯ ಮುಗಿದ ಕೈಗಳ ಚಿತ್ರ. ಇವತ್ತೂ ಬಂತು. ಹೇತ್ವಿಯ ಎರಡನೆಯ ಮಾತು ಆಗ ಅವಳಿಗೆ ಮತ್ತೆ ಕೇಳಿಸಿತು. ಐವತ್ತನಾಲ್ಕು ಕಿಲೋ. ಮನೆ ಮನೆ ತಿರುಗಿ ಎಲ್ಲರ ಹೆಸರು ಬರೆಸಿದ್ದು ಇವಳು, ಆ ಮನುಷ್ಯನದನ್ನೂ. ಉಪ್ಪಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು, ಹೆಂಡತಿ ವಸಂತ ಹೋಗಿ ಮೂರು ವರ್ಷ. ಕರಗಿಸಲು ಮೈಯಲ್ಲಿ ಏನೂ ಇಲ್ಲದಿದ್ದರೂ ಇಪ್ಪತ್ತೈದಕ್ಕೆ ನಿಂತ ಮನೆಗಳ ಲೆಕ್ಕ ಇಪ್ಪತ್ತಾರಾಗಲೆಂದು ಬಾಗಿಲು ತಟ್ಟಿದ್ದಳು. ಹೋಗಿ ನಾಲ್ಕು ಮಾತು ಹೇಳಿ ಬರೋಣ, ಸಂಜೆಯ ಯೋಚನೆಯಾದರೂ ತಪ್ಪಲಿ ಎಂದು ಚಪ್ಪಲಿ ಮೆಟ್ಟಿಕೊಂಡಳು.

ಬಾಗಿಲು ತೆರೆದೇ ಇತ್ತು. ತ್ರಂಬಕಭಾಯಿ ಮೇಜಿನ ಮುಂದೆ ಕೂತಿದ್ದರು, ತೊಳೆದ ಅಂಗಿ, ಬಾಚಿದ ತಲೆ. ಮುಂದೆ ತಟ್ಟೆ, ತಟ್ಟೆಯಲ್ಲಿ ಒಂದು ಬಾಳೆಹಣ್ಣು, ಪಕ್ಕದಲ್ಲಿ ಒಂದು ಲೋಟ ಹಾಲು. ಎದುರಿನ ಖಾಲಿ ಕುರ್ಚಿಯ ಕಡೆ, ಸ್ಟೀಲಿನ ಚೊಂಬಿಗೆ ಫೋನನ್ನು ಒರಗಿಸಿ ನಿಲ್ಲಿಸಿದ್ದರು. ಫೋನಿನಲ್ಲಿ ಇವಳ ಬಾಳೆಹಣ್ಣು, ಇವಳ ಹಾಲು.

"ಬನ್ನಿ ಬನ್ನಿ ಭಾನುಬೆನ್! ಈಗಷ್ಟೇ ನಿಮ್ಮ ಜೊತೆ ಊಟಕ್ಕೆ ಕೂತೆ, ನೀವೇ ಬಂದ್ಬಿಟ್ರಿ."

ಅವಳು ನಿಂತೇ ಇದ್ದಳು. "ಇಷ್ಟೇನಾ ನಿಮ್ಮ ಊಟ?"

"ನಿಮ್ಮದೂ ಇಷ್ಟೇ ಅಲ್ವಾ?" ಅವರು ನಕ್ಕರು. ಕೆನ್ನೆಯಲ್ಲಿ ನಗುವಿಗೆ ಬೇಕಾದಷ್ಟು ಮಾಂಸ ಇರಲಿಲ್ಲ. "ವಸಂತ ಹೋದ್ಮೇಲೆ ನನಗೆ ಹೊತ್ತು ಗೊತ್ತು ಏನೂ ಇರ್ಲಿಲ್ಲ ಬೆನ್. ಹಸಿವಾದ್ರೆ ತಿಂದೆ, ಇಲ್ಲದಿದ್ರೆ ಮರೆತೆ. ಈಗ ನೋಡಿ, ಹನ್ನೆರಡಕ್ಕೆ ನಿಮ್ಮ ತಟ್ಟೆ ಬರುತ್ತೆ. ಬೆಳಿಗ್ಗೆನೇ ಹೆಸರುಕಾಳು ನೆನೆಹಾಕಿರ್ತೀನಿ. ನಿಮಗೆ ಎರಡು ರೋಟಲಿ ಅಂದ್ರೆ ನನಗೂ ಎರಡು. ಎದುರಿಗೆ ಕೂತವರು ಎರಡು ತಿಂದು ಎದ್ದರೆ ನಾನು ನಾಲ್ಕು ತಿನ್ನೋದು ಚೆನ್ನಾಗಿರುತ್ತಾ?"

"ಹೇತ್ವಿ ನಿಮಗೆ ಬೇರೆ ಹೇಳ್ತಾಳಂತಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳೋದಲ್ವಾ ಅದು?"

"ಪಾಪ, ಮಗು ಅದು. ತುಪ್ಪ ಹಾಕ್ಕೊಳ್ಳಿ ಅಂಕಲ್, ಹಾಲು ಹೆಚ್ಚು ಕುಡೀರಿ ಅಂಕಲ್ ಅಂತ ಬರೀತಾಳೆ. ಒಬ್ಬನೇ ಕೂತು ತುಪ್ಪ ತಿಂದು ಏನ್ ಮಾಡ್ಲಿ? ನೀವು ಇಷ್ಟರಲ್ಲೇ ಇಪ್ಪತ್ತಾರು ಮನೆ ಓಡಾಡ್ತೀರಿ. ಕೂತಲ್ಲೇ ಕೂತಿರೋ ನನಗೇನು ಧಾಡಿ?" ಆಮೇಲೆ ಬಾಳೆಹಣ್ಣನ್ನು ಸುಲಿದು ಸರಿಯಾಗಿ ಅರ್ಧ ಮುರಿದು ಅವಳ ಕಡೆ ಚಾಚಿದರು. "ತಗೊಳ್ಳಿ. ಬಂದವರನ್ನ ಬರಿಬಾಯಲ್ಲಿ ಕಳಿಸೋಕಾಗುತ್ತಾ? ನನ್ನಾಣೆ."

ಆಣೆ ಇಟ್ಟ ಮೇಲೆ ತಿನ್ನದಿರಲು ಸಾಧ್ಯವಿರಲಿಲ್ಲ. ಆ ಮನುಷ್ಯನ ಮಧ್ಯಾಹ್ನದ ಅರ್ಧ ಊಟವನ್ನು ಭಾನುಮತಿ ನಿಂತುಕೊಂಡೇ ತಿಂದಳು. ಹಣ್ಣು ಗಂಟಲಲ್ಲಿ ಇಳಿಯುತ್ತಿರುವಾಗ ಅವಳಿಗೆ ಕಾಂಚನ ನೆನಪಾದಳು, ಯಾವ ವರ್ಷದವಳೋ, ಮೂರನೆಯ ಸಾಲಿನ ಎರಡು ಜಡೆಯ ಹುಡುಗಿ. ಭಾಗಾಕಾರದ ಲೆಕ್ಕವನ್ನು ಪಕ್ಕದವಳ ಪಾಟಿ ನೋಡಿ ಬರೆದಿದ್ದಳು, ಪಕ್ಕದವಳ ತಪ್ಪನ್ನೂ ಸೇರಿಸಿ, ಶೇಷವನ್ನೂ ಸೇರಿಸಿ. ಭಾನುಮತಿ ಕಾಂಚನಳನ್ನು ಇಡೀ ಪಿರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದಳು. ಪಕ್ಕದವಳಿಗೆ ಏನೂ ಅಂದಿರಲಿಲ್ಲ, ಅವಳ ಅಕ್ಷರ ಚೆನ್ನಾಗಿತ್ತು. ನಕಲು ಮಾಡಿದವಳು ಯಾಕೆ ಮಾಡಿದಳೆಂದು ಕೇಳಿದ್ದಕ್ಕೆ ಕಾಂಚನ ಏನೋ ಹೇಳಿದ್ದಳು, ಏನದು? 'ಅವಳ ಜೊತೆ ಒಟ್ಟಿಗೆ ಮುಗಿಸಬೇಕಿತ್ತು ಟೀಚರ್.' ಈಗ ಹೇಳಿಬಿಡಬೇಕು, ಇಲ್ಲೇ, ಈ ಬಾಗಿಲಲ್ಲೇ. ತ್ರಂಬಕಭಾಯಿ, ನನ್ನ ಪಾಟಿ ನೋಡಬೇಡಿ. ಅವಳು ಬಾಯಿ ತೆರೆದಳು. "ಸಂಜೆ ಸಭೆಗೆ ಬನ್ನಿ, ಮರೀಬೇಡಿ," ಎಂದು ಹೇಳಿ ಹೊರಟುಬಂದಳು.

ಮನೆಗೆ ಬಂದು, ಸಂಕಟಕ್ಕೆ, ಉಳಿದ ಖಿಚಡಿಯನ್ನೆಲ್ಲ ಮುಗಿಸಿದಳು. ನಾಚಿಕೆಯಾದರೆ ಹಸಿವು ಹೋಗುತ್ತದೆ ಎನ್ನುತ್ತಾರೆ. ಭಾನುಮತಿಯದು ಹಾಗಲ್ಲ, ಹೆಚ್ಚುತ್ತದೆ.

ಐದು ಗಂಟೆಗೆ ಹಾಲಿನಲ್ಲಿ ಕುರ್ಚಿಗಳು ತುಂಬಿದ್ದವು. ಗೋಡೆಯ ಮೇಲೆ ಹೇತ್ವಿಯ ಮುಖ ಒಂದು ಕಿಟಕಿಯಷ್ಟು ದೊಡ್ಡದಾಗಿ ನಗುತ್ತಿತ್ತು. ನರ್ಸು ತಕ್ಕಡಿಯನ್ನು ಹಾಲಿನ ನಡುಮಧ್ಯೆ ಇಟ್ಟಿದ್ದಳು. ಗೋಡೆ ಆರು ಮಾರು ದೂರ, ಕಂಬ ಎಂಟು ಮಾರು. ಭಾನುಮತಿ ಒಳಗೆ ಬಂದವಳೇ ಅಳೆದಿದ್ದಳು. ಅಂಕಿ ಪರದೆಯ ಮೇಲೂ ಕಾಣುತ್ತದೆ ಎಂದು ನರ್ಸು ಹೆಮ್ಮೆಯಿಂದ ಹೇಳಿದಳು. "ಹತ್ತಿ ಭಾನುಬೆನ್, ನಿಮ್ಮನ್ನ ನೋಡಿ ನಾವೂ ಕಲೀತೀವಿ," ಎಂದಳು ಮುಕ್ತಾಬೆನ್, ಅವಳ ದನಿಯಲ್ಲಿ ಸಕ್ಕರೆ ಯಾವಾಗಲೂ ಒಂದು ಚಮಚ ಹೆಚ್ಚು. ಹರ್ಷದರಾಯ ಹಿಂದಿನ ಸಾಲಿನಲ್ಲಿ ಕೂತು ಛಾವಣಿ ನೋಡುತ್ತಿದ್ದ. ನಲವತ್ತು ವರ್ಷ ಜೊತೆ ಬಾಳಿದವನು ಹಾಗೆ ಛಾವಣಿ ನೋಡಿದರೆ ಅದಕ್ಕಿಂತ ಅವನು ಗಾದೆ ಹೇಳುವುದೇ ವಾಸಿ.

ಒಂದು ಕಾಲಿಟ್ಟಳು. ಇನ್ನೊಂದನ್ನು ಇಡುವಾಗ ಮೈ ನಿಜವಾಗಿಯೂ ತೂಗಿತು, ಇದರಲ್ಲಿ ನಟನೆ ಇರಲಿಲ್ಲ. ಪಕ್ಕದಿಂದ ಒಂದು ಕೈ ಬಂತು. ತ್ರಂಬಕಭಾಯಿ. "ಬೆಳಿಗ್ಗೆಯಿಂದ ಉಪವಾಸ, ಅದಕ್ಕೇ ತಲೆ ತಿರುಗ್ತಿದೆ. ನನ್ನ ಕೈ ಹಿಡ್ಕೊಳ್ಳಿ ಬೆನ್." ಹಿಡಿದುಕೊಂಡಳು. ಅಂಗೈ ತನಗೆ ತಾನೇ ತನ್ನ ಹಳೆಯ ವಿದ್ಯೆಯನ್ನು ಮಾಡಿತು, ಊರಿತು. ಪರದೆಯ ಮೇಲೆ ಎಪ್ಪತ್ತೆರಡು, ಎಪ್ಪತ್ತೊಂದೂವರೆ. ಇನ್ನೂ ಸ್ವಲ್ಪ ಊರಿದರೆ ಎಪ್ಪತ್ತು. ಉಳಿದದ್ದಕ್ಕೆ ಸೀರೆ, ಬಳೆ, ಮಧ್ಯಾಹ್ನದ ನೀರು, ಏನಾದರೂ ಹೇಳಬಹುದು. ಆಗ ಅವಳಿಗೆ ತಿಳಿಯಿತು, ತನ್ನ ಕೈಯ ಕೆಳಗಿನ ಕೈ ನಡುಗುತ್ತಿದೆ. ಅವರು ಬೀಳಿಸಬಾರದೆಂದು ಹಲ್ಲು ಕಚ್ಚಿ ನಿಂತಿದ್ದರು. ಒಂದು ಅರ್ಧ ಬಾಳೆಹಣ್ಣು ತಿಂದ ಮನುಷ್ಯ, ಇನ್ನರ್ಧ ತಿಂದವಳನ್ನು ಹೊತ್ತುಕೊಂಡು. ಭಾನುಮತಿ ಕೈ ಬಿಟ್ಟಳು.

ಎಪ್ಪತ್ತಾರು ಮುಕ್ಕಾಲು.

ಅಂಕಿ ಅಲ್ಲಾಡದೆ ನಿಂತಿತು. "ಆಂಟಿ, ತಕ್ಕಡಿ ಸರಿಯಿಲ್ವೇನೋ, ಇನ್ನೊಂದ್ಸಲ..." ಎಂದಳು ಹೇತ್ವಿ ಗೋಡೆಯಿಂದ. ಒಳ್ಳೆಯ ಹುಡುಗಿ, ಬಾಗಿಲು ತೆರೆದುಕೊಡುತ್ತಿದ್ದಳು.

"ತಕ್ಕಡಿ ಸರಿಯಾಗೇ ಇದೆ ಮಗಳೇ, ನಾನು ಬರೆದ ಲೆಕ್ಕ ಸರಿಯಿಲ್ಲ," ಎಂದಳು ಭಾನುಮತಿ. ತಕ್ಕಡಿಯ ಮೇಲೆ ನಿಂತೇ ಹೇಳಿದಳು, ಇಳಿದರೆ ಹೇಳಲಾರೆನೆಂದು. ಮೂರನೆಯ ರೋಟಲಿ, ಪ್ರಸಾದ, ಆಣೆಯ ತಿನಿಸು, ಬೆಳಗಿನ ಖಿಚಡಿ, ಮಧ್ಯಾಹ್ನದ ಖಿಚಡಿ, ಬಟ್ಟೆ ಒಗೆಯುವ ಯಂತ್ರ. ಗಂಡನ ಕಾಗದದಿಂದ ದಿನಾ ಕದ್ದ ಗಾಂಠಿಯಾ. "ದಿನಾ ಎರಡು," ಎಂದಳು. "ನಾಲ್ಕು," ಎಂದ ಹರ್ಷದರಾಯ ಛಾವಣಿಗೆ. ಆಗ ಯಾರೋ ಫಕ್ಕನೆ ನಕ್ಕರು, ಅದರ ಹಿಂದೆ ಇಡೀ ಹಾಲು. ಅದು ಅಣಕದ ನಗೆಯಾಗಿರಲಿಲ್ಲ, ಬಿಗಿದ ಲಾಡಿ ಸಡಿಲಿಸಿದ ನಗೆ. ಮುಕ್ತಾಬೆನ್ ತಾನು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡು ತಿಂದದ್ದನ್ನು ಬರೆದೇ ಇಲ್ಲವೆಂದಳು, ಇನ್ನೊಬ್ಬರು ಸ್ಕೂಟರಿನ ಮೇಲೆ ಕೂತು ತಿಂದದ್ದನ್ನು. ಹೇತ್ವಿ ಗೋಡೆಯಲ್ಲಿ ತಲೆಯ ಮೇಲೆ ಕೈಹೊತ್ತು, "ಅಯ್ಯೋ, ಇಷ್ಟು ದಿನ ನಾನು ಯಾರಿಗೆ ಸಲಹೆ ಕೊಟ್ಟೆ!" ಎಂದು ತಾನೂ ನಕ್ಕಳು. ಹೊಸದಾಗಿ ಶುರುಮಾಡೋಣ, ಪ್ರಸಾದಕ್ಕೂ ಒಂದು ಚೌಕ ಹಾಕಿಸುತ್ತೇನೆ, ಆಣೆಗೂ ಒಂದು ಎಂದಳು.

ತ್ರಂಬಕಭಾಯಿ ಮಾತ್ರ ನಗಲಿಲ್ಲ. ಇನ್ನೂ ಅವಳ ಪಕ್ಕದಲ್ಲೇ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮರೆತು ನಿಂತಿದ್ದರು. ನಗೆ ಇಳಿದ ಮೇಲೆ, ಅವಳಿಗಷ್ಟೇ ಕೇಳುವ ಹಾಗೆ, ಕೋಪವೇ ಇಲ್ಲದೆ ಕೇಳಿದರು:

"ಹಾಗಾದ್ರೆ ನಾಲ್ಕು ತಿಂಗಳು ನಾನು ಯಾರ ಜೊತೆ ಊಟ ಮಾಡ್ದೆ, ಬೆನ್?"

ಅವರು ತಮ್ಮ ತೂಕ ನೋಡಿಸದೆ ಮನೆಗೆ ಹೋದರು.

ಮಾರನೆಯ ದಿನ ಹನ್ನೊಂದೂ ಮುಕ್ಕಾಲಕ್ಕೇ ಭಾನುಮತಿ ತಟ್ಟೆ ಹಾಕಿಕೊಂಡಳು, ಆದರೆ ಚಿತ್ರ ತೆಗೆಯಲಿಲ್ಲ. ಯಾವ ಮುಖದಲ್ಲಿ ಕಳಿಸುವುದು. ರಾತ್ರಿಯೆಲ್ಲ ಆ ಖಾಲಿ ಕುರ್ಚಿ ಕಣ್ಣಿಗೆ ಕಟ್ಟಿತ್ತು. ಅದರಲ್ಲಿ ಕೂತಿದ್ದವಳು ಫೋನಿನ ಭಾನುಮತಿ, ಅವಳನ್ನು ಎಲ್ಲರೆದುರು ತಾನೇ ಎಬ್ಬಿಸಿ ಕಳಿಸಿದ್ದಳು. ಈಗ ಅಲ್ಲಿ ಆ ಮನುಷ್ಯ ಮತ್ತೆ ಒಬ್ಬರೇ, ಹೊತ್ತು ಗೊತ್ತಿಲ್ಲದೆ. ಸುಳ್ಳು ಹೇಳಿದ್ದಕ್ಕಿಂತ ನಿಜ ಹೇಳಿದ್ದು ಹೆಚ್ಚು ಕೆಟ್ಟದಾಯಿತೇನೋ ಎಂದು ಅಳು ಬಂತು. "ಮಾಸ್ತರಾಣಿ, ಗಂಟೆ ಹನ್ನೆರಡಾಯ್ತು," ಎಂದ ಹರ್ಷದರಾಯ, ಅವನ ದನಿಯಲ್ಲಿ ಇವತ್ತು ಕೀಟಲೆ ಇರಲಿಲ್ಲ. ಕಾಗದದ ಪೊಟ್ಟಣವನ್ನು ಅವಳ ಕೈಗೆಟಕುವ ಹಾಗೆ ಇಟ್ಟು, ಅತ್ತ ತಿರುಗಿ ಕೂತ. ಅವಳು ನಿಂತಲ್ಲೇ ಎರಡು ಗಾಂಠಿಯಾ ಬಾಯಿಗೆ ಹಾಕಿಕೊಂಡಳು.

ಹನ್ನೆರಡೂ ಐದಕ್ಕೆ ಫೋನು ಸದ್ದು ಮಾಡಿತು. ಮುಗಿದ ಕೈಗಳಲ್ಲ. ಒಂದು ತಟ್ಟೆ. ನಾಲ್ಕು ರೋಟಲಿ, ಮೇಲಿನದರಲ್ಲಿ ತುಪ್ಪದ ಹೊಳಪು, ಸೀದ ಅಂಚು. ಆಲೂಗಡ್ಡೆ ಪಲ್ಯ, ಬಟ್ಟಲಲ್ಲಿ ಬೇಳೆ, ಒಂದು ತುಂಡು ಬೆಲ್ಲ. ಕೆಳಗೆ ತ್ರಂಬಕಭಾಯಿ ಬರೆದಿದ್ದರು: 'ಬೆನ್, ಇವತ್ತಿಂದ ನನ್ನ ತಟ್ಟೆ ಮೊದಲು ಬರುತ್ತೆ. ನನಗೆ ನಾಲ್ಕು, ನಿಮಗೆ ಎರಡು, ಹೇತ್ವಿ ಹೇಳಿದ್ದಾಳೆ. ಬೇಗ ನಿಮ್ಮದು ಕಳಿಸಿ, ನಾನು ಇನ್ನೂ ಶುರುಮಾಡಿಲ್ಲ, ತಣ್ಣಗಾಗ್ತಿದೆ.'

ಭಾನುಮತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಪೊಟ್ಟಣದಲ್ಲಿ ಉಳಿದ ಆರು ಗಾಂಠಿಯಾಗಳನ್ನೂ ತಟ್ಟೆಯ ಅಂಚಿನಲ್ಲಿ ಒಂದರ ಪಕ್ಕ ಒಂದು, ಎಣಿಸಲು ಬರುವ ಹಾಗೆ ಜೋಡಿಸಿದಳು. ಚಿತ್ರ ತೆಗೆದು ಕಳಿಸಿದಳು. ಸ್ಟೀಲಿನ ಚೊಂಬಿಗೆ ಫೋನು ಒರಗಿಸಿ, ಕುರ್ಚಿ ಎಳೆದುಕೊಂಡು ಕೂತಳು. ಕೂತು ಕಾದಳು. ಉತ್ತರ ತಡವಾಗಿಯೇ ಬಂತು.

'ಚಿತ್ರ ತೆಗೆಯೋಕೆ ಮುಂಚೆ ಎಷ್ಟಿದ್ವು, ಬೆನ್?'

ಲೆಕ್ಕದ ಟೀಚರು ಒಂದೊಂದೇ ಅಕ್ಷರ ಒತ್ತಿ ಬರೆದಳು: ಎಂಟು.